ಗೊರಕೆ, ಉಸಿರುಗಟ್ಟುವಿಕೆ ಮತ್ತು ದವಡೆಯ ಸಾಧನ: ಕಾಸರಗೋಡಿನ ಒಂದು ದಂತ ಚಿಕಿತ್ಸಾಲಯದ ಬಗ್ಗೆ

ಕಾಸರಗೋಡು ಪೇಟೆಯ ಒಂದು ವಕ್ರದಂತ ಚಿಕಿತ್ಸಾಲಯದಲ್ಲಿ ನಮ್ಮ ಮನೆಯವರು ನಿದ್ರೆಯಲ್ಲಿ ಉಸಿರುಗಟ್ಟುವ ತೊಂದರೆಗೆ, ಅಂದರೆ ವೈದ್ಯರು ಸ್ಲೀಪ್ ಅಪ್ನಿಯಾ ಎನ್ನುವ ಕಾಯಿಲೆಗೆ, ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನವೊಂದನ್ನು ಮಾಡಿಸಿಕೊಂಡರು. ಅದೇ ವೈದ್ಯೆಯ ಬಳಿ ನಾದಿನಿಯ ಮಗನಿಗೆ ಅಂಗುಳವನ್ನು ಅಗಲಿಸುವ ಚಿಕಿತ್ಸೆಯೂ ನಡೆಯಿತು. ಎರಡನ್ನೂ ಜೊತೆಗಿದ್ದು ನೋಡಿದ್ದರಿಂದ, ಹಲ್ಲಿಗೆ ಕ್ಲಿಪ್ ಹಾಕುವ ವೈದ್ಯರು ನಿದ್ರೆಯ ಕಾಯಿಲೆಗೆ ಏನು ಮಾಡಬಲ್ಲರು, ಏನು ಮಾಡಲಾರರು ಎಂಬುದನ್ನು ಈ ಕಡೆಯ ಕನ್ನಡಿಗರಿಗೆ ವಿವರವಾಗಿ ತಿಳಿಸಬೇಕೆನಿಸಿತು. ಮೆಚ್ಚುಗೆಯ ಜೊತೆಗೆ ಕೆಲವು ದೂರುಗಳೂ ಇರುವುದರಿಂದ ಚಿಕಿತ್ಸಾಲಯದ ಹೆಸರನ್ನು ಬರೆಯುತ್ತಿಲ್ಲ. ನನ್ನ ಅಭಿಪ್ರಾಯವನ್ನಂತೂ ಆರಂಭದಲ್ಲೇ ಹೇಳಿಬಿಡುತ್ತೇನೆ: ನಿದ್ರೆಯ ಪರೀಕ್ಷೆಯ ವರದಿ ಕೈಗೆ ಬರುವ ತನಕ ಹಲ್ಲಿನ ಅಳತೆ ತೆಗೆಯಲೂ ಒಪ್ಪದೆ, ಸಾಧನ ಕೊಟ್ಟ ಮೇಲೆ ಮತ್ತೊಮ್ಮೆ ಅದೇ ಪರೀಕ್ಷೆಗೆ ಕಳುಹಿಸಿದ ಆ ಶಿಸ್ತಿಗಾಗಿಯೇ ಈ ಚಿಕಿತ್ಸಾಲಯ ನಂಬಿಕೆಗೆ ಅರ್ಹವಾಗಿದೆ.

ನಮ್ಮ ಮನೆಯವರಿಗೆ ಐವತ್ತು ದಾಟಿದೆ. ಪೆರ್ಲದ ಸಮೀಪ ಅಡಿಕೆ ತೋಟವಿದೆ. ಗೊರಕೆ ಹಲವು ವರ್ಷಗಳಿಂದ ಇತ್ತು. ಗೊರಕೆ ಹೊಡೆಯುವವರು ಪ್ರತಿ ಮನೆಯಲ್ಲೂ ಇರುವುದರಿಂದ ಅದನ್ನು ಕಾಯಿಲೆಯೆಂದು ಯಾರೂ ಎಣಿಸಿರಲಿಲ್ಲ. ನನಗೆ ಭಯ ಹುಟ್ಟಿಸಿದ್ದು ಗೊರಕೆಯ ನಡುವೆ ಬರುತ್ತಿದ್ದ ನಿಲುಗಡೆ. ಸದ್ದು ಇದ್ದಕ್ಕಿದ್ದಂತೆ ನಿಲ್ಲುತ್ತಿತ್ತು, ಎದೆ ಹೊಟ್ಟೆಗಳು ಏರಿಳಿಯುತ್ತಿದ್ದರೂ ಮೂಗಿನ ಹತ್ತಿರ ಕೈ ಹಿಡಿದರೆ ಗಾಳಿ ಬರುತ್ತಿರಲಿಲ್ಲ, ಕೊನೆಗೆ ಕೈಕಾಲು ಕೊಸರಿ ದೊಡ್ಡ ಸದ್ದಿನೊಂದಿಗೆ ಉಸಿರೆಳೆದುಕೊಂಡು ಮಗ್ಗುಲು ಬದಲಿಸುತ್ತಿದ್ದರು. ಬೆಳಿಗ್ಗೆ ಕೇಳಿದರೆ ಅವರಿಗೆ ಇದಾವುದರ ನೆನಪೂ ಇರುತ್ತಿರಲಿಲ್ಲ. ಎದ್ದ ಕೂಡಲೇ ತಲೆನೋವು, ಮಧ್ಯಾಹ್ನವಾಗುವುದರೊಳಗೆ ತಡೆಯಲಾಗದ ತೂಕಡಿಕೆ. ಅಂಗಳದಲ್ಲಿ ಅಡಿಕೆ ಸುಲಿಯುತ್ತ ಕುಳಿತವರು ಕತ್ತಿಯ ಮುಂದೆಯೇ ತಲೆ ಬಾಗಿಸಿ ನಿದ್ದೆಗೆ ಜಾರುವುದನ್ನು ಕಂಡ ಮೇಲೆ ಜೀಪಿನ ಕೀಲಿಯನ್ನು ಅವರ ಕೈಗೆ ಕೊಡಲು ನಾನು ಒಪ್ಪುತ್ತಿರಲಿಲ್ಲ. ಎರಡು ಬಗೆಯ ಮಾತ್ರೆ ನುಂಗಿದರೂ ರಕ್ತದೊತ್ತಡ ಹತೋಟಿಗೆ ಬಂದಿರಲಿಲ್ಲ. ಗೊರಕೆಯ ಬಗ್ಗೆ ವಿಚಾರಿಸಿದ್ದೂ ರಕ್ತದೊತ್ತಡ ನೋಡುತ್ತಿದ್ದ ವೈದ್ಯರೇ.

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಳ್ಳುವುದು ಎಲ್ಲರಿಗೂ ಸಹಜ. ಆದರೆ ಕೆಳದವಡೆ ಚಿಕ್ಕದಾಗಿಯೋ ಹಿಂದಕ್ಕೆ ಸರಿದೋ ಇದ್ದರೆ, ಅಂಗುಳ ಇಕ್ಕಟ್ಟಾಗಿದ್ದರೆ, ಕುತ್ತಿಗೆಯ ಸುತ್ತ ಕೊಬ್ಬು ತುಂಬಿದ್ದರೆ ನಾಲಗೆಯ ಬುಡವೂ ಮೆದು ಅಂಗುಳವೂ ಹಿಂದಕ್ಕೆ ಕುಸಿದು ಉಸಿರಿನ ದಾರಿಯನ್ನು ಮುಚ್ಚುತ್ತವೆ. ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ಅದನ್ನು ಒಂದು ಅಪ್ನಿಯಾ ಎಂದು ಲೆಕ್ಕ ಹಾಕುತ್ತಾರೆ. ಪೂರ್ತಿ ನಿಲ್ಲದೆ ಗಮನಾರ್ಹವಾಗಿ ಕಡಿಮೆಯಾಗಿ, ಅದರಿಂದ ರಕ್ತದ ಆಮ್ಲಜನಕ ಇಳಿದರೆ ಅಥವಾ ಮೆದುಳು ಎಚ್ಚೆತ್ತರೆ ಅದನ್ನೂ ಎಣಿಸುತ್ತಾರೆ. ಒಂದು ಗಂಟೆಯ ನಿದ್ರೆಯಲ್ಲಿ ಇಂಥವು ಸರಾಸರಿ ಎಷ್ಟು ಬಾರಿ ಆಗುತ್ತವೆ ಎಂಬುದೇ ಕಾಯಿಲೆಯ ಅಳತೆಗೋಲು. ವಯಸ್ಕರಲ್ಲಿ 5ಕ್ಕಿಂತ ಕಡಿಮೆಯಿದ್ದರೆ ಸಹಜ, 5ರಿಂದ 15ರವರೆಗೆ ಸೌಮ್ಯ, 15ರಿಂದ 30ರವರೆಗೆ ಮಧ್ಯಮ, 30 ದಾಟಿದರೆ ತೀವ್ರ. ಪ್ರತಿ ಸಲವೂ ಮೆದುಳು ಗಾಬರಿಗೊಂಡು ದೇಹವನ್ನು ಅರೆ ಎಚ್ಚರಕ್ಕೆ ತರುವುದರಿಂದ ಎಂಟು ಗಂಟೆ ಮಲಗಿದವನಿಗೂ ನಿದ್ರೆ ಸಿಕ್ಕಿರುವುದಿಲ್ಲ, ಹೃದಯಕ್ಕೂ ರಕ್ತನಾಳಗಳಿಗೂ ರಾತ್ರಿಯಿಡೀ ಬಿಡುವು ಸಿಗುವುದಿಲ್ಲ. 30ರಿಂದ 69 ವರ್ಷದೊಳಗಿನ ವಯಸ್ಕರಲ್ಲಿ ಜಗತ್ತಿನಾದ್ಯಂತ ಸುಮಾರು 94 ಕೋಟಿ ಜನರಿಗೆ ಈ ತೊಂದರೆ ಇರಬಹುದೆಂದು 2019ರಲ್ಲಿ ಪ್ರಕಟವಾದ ಅಂದಾಜೊಂದು ಹೇಳುತ್ತದೆ.

ಚಿಕಿತ್ಸಾಲಯದ ಮೊದಲ ಭೇಟಿಯೇ ನನಗೆ ಹಿಡಿಸಿತು. ವೈದ್ಯೆ ಮಲಯಾಳಿ, ಕನ್ನಡ ಅರ್ಥವಾಗುತ್ತದೆ, ತುಳುವನ್ನು ನಮ್ಮಷ್ಟೇ ಸಲೀಸಾಗಿ ಮಾತನಾಡುತ್ತಾರೆ. ಬಾಯಿ ನೋಡುವ ಮೊದಲು ಅವರು ಕೇಳಿದ್ದು ನಿದ್ರೆಯ ವಿಷಯ. ಓದುತ್ತಿರುವಾಗ, ಬಸ್ಸಿನಲ್ಲಿ ಕುಳಿತಿರುವಾಗ, ಊಟದ ಬಳಿಕ ಸುಮ್ಮನೆ ಕೂತಾಗ ತೂಕಡಿಕೆ ಬರುವ ಸಂಭವ ಎಷ್ಟು ಎಂಬಂಥ ಎಂಟು ಪ್ರಶ್ನೆಗಳಿಗೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡಿಸಿದರು. ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಮುರ್ರೆ ಜಾನ್ಸ್ ಎಂಬ ವೈದ್ಯರು 1991ರಲ್ಲಿ ಪ್ರಕಟಿಸಿದ ಎಪ್‌ವರ್ತ್ ಮಾಪನವದು; ಒಟ್ಟು 24ರಲ್ಲಿ 10 ದಾಟಿದರೆ ಹಗಲಿನ ನಿದ್ದೆ ಅತಿಯಾಗಿದೆ ಎಂದು ಅರ್ಥ. ಇವರಿಗೆ 15 ಬಂತು. ಬಳಿಕ ಟೇಪು ಹಿಡಿದು ಕುತ್ತಿಗೆಯ ಸುತ್ತಳತೆ ತೆಗೆದರು, ಮೂಗಿನ ಒಂದೊಂದೇ ಹೊಳ್ಳೆ ಮುಚ್ಚಿ ಉಸಿರಾಡಿಸಿದರು, ಬಾಯಿ ಅಗಲಿಸಿ ನಾಲಗೆ ಚಾಚಿದಾಗ ಕಿರುನಾಲಗೆ ಎಷ್ಟು ಕಾಣುತ್ತದೆಂದು ನೋಡಿದರು. ಈ ಕೊನೆಯ ತಪಾಸಣೆಗೆ ಮಲ್ಲಂಪಾಟಿ ದರ್ಜೆ ಎಂಬ ಹೆಸರಿದೆ. ಅರಿವಳಿಕೆ ಕೊಡುವಾಗ ಗಂಟಲಿಗೆ ನಳಿಗೆ ಇಳಿಸುವುದು ಕಷ್ಟವಾದೀತೇ ಎಂದು ಮುಂಚಿತವಾಗಿ ತಿಳಿಯಲು, ಅಮೆರಿಕದ ಬೋಸ್ಟನ್ನಿನಲ್ಲಿದ್ದ ಆಂಧ್ರ ಮೂಲದ ತಜ್ಞ ಶೇಷಗಿರಿ ರಾವ್ ಮಲ್ಲಂಪಾಟಿ ಅವರು 1985ರಲ್ಲಿ ಪ್ರಕಟಿಸಿದ ವಿಧಾನ ಈಗ ನಿದ್ರೆಯ ವೈದ್ಯರಿಗೂ ನೆರವಾಗುತ್ತಿದೆ. ನಮ್ಮ ಮನೆಯವರ ಕಿರುನಾಲಗೆ ಕಾಣಲೇ ಇಲ್ಲ. ನಾಲಗೆಯ ಎರಡು ಅಂಚುಗಳಲ್ಲಿ ಹಲ್ಲುಗಳ ಗುರುತು ಸಾಲಾಗಿ ಮೂಡಿದ್ದನ್ನು ನನಗೂ ತೋರಿಸಿದರು: ಚಿಕ್ಕ ದವಡೆಯೊಳಗೆ ಜಾಗ ಸಾಲದೆ ನಾಲಗೆ ಹಲ್ಲುಗಳನ್ನು ಒತ್ತುತ್ತಿತ್ತು.

ಇಷ್ಟೆಲ್ಲ ನೋಡಿದ ಮೇಲೂ ಅವರು ಕಾಯಿಲೆ ಇದೆಯೆಂದು ಹೇಳಲಿಲ್ಲ. ದಂತವೈದ್ಯರು ಅನುಮಾನ ಪಡಬಹುದು, ನಿರ್ಣಯ ನಿದ್ರೆಯ ತಜ್ಞರದೇ ಎಂದರು. ಪಕ್ಕದಿಂದ ತೆಗೆಯುವ ಎಕ್ಸ್-ರೇಯಲ್ಲಿ ದವಡೆ ಎಷ್ಟು ಹಿಂದಿದೆ ಎಂಬುದು ಗೊತ್ತಾಗುತ್ತದೆ. ಆದರೆ ಅದು ಎಚ್ಚರವಾಗಿ ನೆಟ್ಟಗೆ ಇರುವ ಮನುಷ್ಯನ ಚಿತ್ರ. ಮಲಗಿ ನಿದ್ರಿಸುವಾಗ ಗಂಟಲು ಹೇಗೆ ವರ್ತಿಸುತ್ತದೆ ಎಂಬುದನ್ನು ಯಾವ ಎಕ್ಸ್-ರೇಯೂ, ಮೂರು ಆಯಾಮದ ಸ್ಕ್ಯಾನೂ ತೋರಿಸಲಾರದು. ಹೊಸ ಯಂತ್ರವೊಂದರ ಬಣ್ಣದ ಚಿತ್ರ ತೋರಿಸಿ ಅಲ್ಲೇ ತೀರ್ಮಾನ ಹೇಳುವ ಜಾಗಗಳೂ ಇವೆಯೆಂದು ಕೇಳಿದ್ದೇನೆ; ಅಂಥ ಕಡೆ ಕುರ್ಚಿ ಬಿಟ್ಟು ಏಳುವುದೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ.

ನಿದ್ರೆಯ ಪರೀಕ್ಷೆಗೆ ಮಂಗಳೂರಿಗೆ ಹೋದೆವು. ಕಾಸರಗೋಡಿನವರಿಗೆ ಇದು ಹೊಸತಲ್ಲ. ದೊಡ್ಡ ಪರೀಕ್ಷೆಯೆಂದರೆ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟುವುದು ಇಲ್ಲಿನ ವಾಡಿಕೆ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ರೋಗಿಗಳು ಪಟ್ಟ ಪಾಡನ್ನು ಕಂಡವರಿಗೆ, ಪದೇ ಪದೇ ಹೋಗಬೇಕಾದ ಚಿಕಿತ್ಸೆ ನಮ್ಮ ಜಿಲ್ಲೆಯೊಳಗೇ ಇರುವುದು ಎಷ್ಟು ಮುಖ್ಯವೆಂಬುದನ್ನು ವಿವರಿಸಬೇಕಾಗಿಲ್ಲ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ ತಲೆಗೆ, ಕಣ್ಣಿನ ಬದಿಗೆ, ಗಲ್ಲಕ್ಕೆ, ಕಾಲಿಗೆ ತಂತಿ ಅಂಟಿಸಿದರು. ಮೂಗಿನ ಬಳಿ ಗಾಳಿಯ ಹರಿವನ್ನು ಅಳೆಯುವ ನಳಿಗೆ, ಎದೆಗೂ ಹೊಟ್ಟೆಗೂ ಪಟ್ಟಿ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್, ಜೊತೆಗೆ ಇಸಿಜಿ. ಎದೆ ಹೊಟ್ಟೆಗಳ ಪಟ್ಟಿಗೆ ವಿಶೇಷ ಮಹತ್ವವಿದೆ. ಗಾಳಿ ಬಾರದಿದ್ದರೂ ಎದೆ ಪ್ರಯಾಸಪಡುತ್ತಿದ್ದರೆ ದಾರಿ ಮುಚ್ಚಿದೆ ಎಂದು ಅರ್ಥ. ಎದೆಯೇ ಅಲುಗದಿದ್ದರೆ ಮೆದುಳಿನಿಂದಲೇ ಆಜ್ಞೆ ಬರುತ್ತಿಲ್ಲ ಎಂದು ಅರ್ಥ, ಮತ್ತು ಆ ಎರಡನೆಯ ಬಗೆಗೆ ದವಡೆಯ ಸಾಧನದಿಂದ ಯಾವ ಪ್ರಯೋಜನವೂ ಇಲ್ಲ. ಮನೆಯಲ್ಲೇ ಕಟ್ಟಿಕೊಂಡು ಮಲಗುವ ಚಿಕ್ಕ ಯಂತ್ರದ ಪರೀಕ್ಷೆಯೂ ಇದೆ. ಬೇರೆ ಕಾಯಿಲೆಗಳ ಗೊಂದಲವಿಲ್ಲದ, ಅನುಮಾನ ಬಲವಾಗಿರುವ ವಯಸ್ಕರಿಗೆ ಅದೂ ಸಾಕಾಗುತ್ತದೆ. ಇವರ ವರದಿಯಲ್ಲಿ ಬಂದ ಅಂಕಿ ಗಂಟೆಗೆ 22, ಅಂದರೆ ಮಧ್ಯಮ ದರ್ಜೆ, ದಾರಿ ಮುಚ್ಚುವ ಬಗೆಯದು.

ಮಂಗಳೂರಿನ ತಜ್ಞರು ಮೊದಲು ಸೂಚಿಸಿದ್ದು ಸಿಪ್ಯಾಪ್ ಯಂತ್ರವನ್ನು. ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ಕೊಟ್ಟು ಗಂಟಲು ಕುಸಿಯದಂತೆ ನೋಡಿಕೊಳ್ಳುವ ಈ ವಿಧಾನವನ್ನು ಸಿಡ್ನಿಯ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದರು. ಉಸಿರು ನಿಲ್ಲುವುದನ್ನು ತಡೆಯುವುದರಲ್ಲಿ ಇಂದಿಗೂ ಇದನ್ನು ಮೀರಿಸಿದ ಸಾಧನವಿಲ್ಲ. ತೀವ್ರ ದರ್ಜೆಯವರು ಇದನ್ನು ಬಿಟ್ಟು ಬೇರೆಯದನ್ನು ಹುಡುಕುವುದು ಸರಿಯಲ್ಲ. ಬಾಡಿಗೆಗೆ ತಂದು ಇವರು ಪ್ರಾಮಾಣಿಕವಾಗಿ ಪ್ರಯತ್ನಿಸಿದರು. ಆದರೆ ಮಾಸ್ಕ್ ಮುಖಕ್ಕೆ ಬಿಗಿದ ಕೂಡಲೇ ಗಾಬರಿಯಾಗಿ ಕಿತ್ತು ತೆಗೆಯುತ್ತಿದ್ದರು. ಜೊತೆಗೆ ನಮ್ಮ ಮಳೆಗಾಲ: ಗಾಳಿಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ರಾತ್ರಿಯಿಡೀ ವಿದ್ಯುತ್ ಇಲ್ಲ, ಯಂತ್ರವೂ ಇಲ್ಲ. ಸಿಪ್ಯಾಪ್ ಸಹಿಸಲಾಗದ, ಅಥವಾ ಬೇರೆ ದಾರಿಯನ್ನೇ ಬಯಸುವ ವಯಸ್ಕರಿಗೆ ಹಲ್ಲಿನ ಅಳತೆಗೆ ತಕ್ಕಂತೆ ತಯಾರಿಸಿದ ಸಾಧನವನ್ನು ಅರ್ಹ ದಂತವೈದ್ಯರಿಂದ ಮಾಡಿಸಬಹುದೆಂದು ಅಮೆರಿಕದ ನಿದ್ರಾ ವೈದ್ಯರ ಸಂಘವೂ ನಿದ್ರಾ ದಂತವೈದ್ಯರ ಸಂಘವೂ ಸೇರಿ 2015ರಲ್ಲಿ ಮಾರ್ಗಸೂಚಿ ಕೊಟ್ಟಿವೆ. 2013ರಲ್ಲಿ ಸಿಡ್ನಿಯಲ್ಲಿ ನಡೆದ ಅಧ್ಯಯನವೊಂದರಲ್ಲಿ ಸಿಪ್ಯಾಪ್ ಅಂಕಿಯನ್ನು ಹೆಚ್ಚು ಇಳಿಸಿತು, ಆದರೆ ರೋಗಿಗಳು ದವಡೆಯ ಸಾಧನವನ್ನೇ ಪ್ರತಿ ರಾತ್ರಿ ಹೆಚ್ಚು ಹೊತ್ತು ಧರಿಸಿದರು. ಒಂದು ತಿಂಗಳ ಕೊನೆಗೆ ರಕ್ತದೊತ್ತಡದಂಥ ಫಲಿತಾಂಶಗಳಲ್ಲಿ ಸಾಧನ ಹಿಂದೆ ಬೀಳಲಿಲ್ಲ. ಮೂಲೆಯಲ್ಲಿ ಧೂಳು ಹಿಡಿಯುವ ಯಂತ್ರಕ್ಕಿಂತ ಬಾಯಲ್ಲಿ ನಿಲ್ಲುವ ಸಾಧನ ಮೇಲು ಎಂದು ಮಂಗಳೂರಿನ ತಜ್ಞರೂ ಒಪ್ಪಿ ಪತ್ರ ಬರೆದುಕೊಟ್ಟರು.

ಪತ್ರ ಬಂದ ಮೇಲೆ ನಮ್ಮ ವೈದ್ಯೆ ಮೊದಲು ಮಾಡಿದ್ದು ಹಳೆಯ ಲೆಕ್ಕ ತೀರಿಸುವ ಕೆಲಸ. ಒಂದು ದವಡೆಹಲ್ಲಿನ ಹುಳುಕು ತುಂಬಿಸಿದರು, ವಸಡು ಶುಚಿ ಮಾಡಿಸಿದರು. ಸಾಧನ ರಾತ್ರಿಯಿಡೀ ಹಲ್ಲುಗಳನ್ನೇ ಹಿಡಿದು ದವಡೆಯನ್ನು ಎಳೆಯುವುದರಿಂದ ಮೇಲೂ ಕೆಳಗೂ ಸಾಕಷ್ಟು ಗಟ್ಟಿ ಹಲ್ಲುಗಳಿರಬೇಕು. ವಸಡಿನ ಕಾಯಿಲೆಯಿಂದ ಹಲ್ಲು ಅಲುಗುತ್ತಿರುವವರಿಗೆ, ಪೂರ್ತಿ ಕಟ್ಟಿಸಿದ ಹಲ್ಲಿನ ಸೆಟ್ ಇರುವವರಿಗೆ ಇದು ಕಷ್ಟ. ಇನ್ನೊಂದು ಮಾತನ್ನು ಅಡಿಕೆ ಬೆಳೆಯುವ ಮನೆಯವಳಾಗಿಯೇ ಬರೆಯುತ್ತಿದ್ದೇನೆ. ವರ್ಷಗಟ್ಟಲೆ ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ಬಿಗಿದುಕೊಂಡು ಬಾಯಿ ತೆರೆಯುವುದೇ ಕಡಿಮೆಯಾಗುವ ಒಂದು ಕಾಯಿಲೆಯಿದೆ. ಅದು ಕ್ಯಾನ್ಸರಿಗೂ ದಾರಿ ಮಾಡಬಲ್ಲದು. ಅಂಥವರ ಬಾಯೊಳಗೆ ಈ ಸಾಧನವನ್ನು ಇಡುವುದೂ ತೆಗೆಯುವುದೂ ಆಗದು. ನಮ್ಮ ವೈದ್ಯೆ ಬಾಯಿ ಎಷ್ಟು ಮಿಲಿಮೀಟರ್ ತೆರೆಯುತ್ತದೆ, ಕೆಳದವಡೆ ಎಷ್ಟು ಮುಂದೆ ಬರುತ್ತದೆ ಎಂದು ಅಳೆದು, ಕಿವಿಯ ಮುಂದಿನ ಕೀಲನ್ನು ಬೆರಳಿನಿಂದ ಒತ್ತಿ ನೋವಿದೆಯೇ ಎಂದು ವಿಚಾರಿಸಿ ಆಮೇಲೆಯೇ ಮುಂದುವರಿದರು.

ಅಳತೆಗೆ ಹಿಟ್ಟಿನಂಥ ಅಚ್ಚು ಬಾಯಿಗೆ ಒತ್ತುವ ಬದಲು ಚಿಕ್ಕ ಸ್ಕ್ಯಾನರ್ ಬಳಸಿದರು. ನಂತರ ಗುರುತುಗಳಿರುವ ಒಂದು ಅಳತೆಪಟ್ಟಿಯನ್ನು ಕಚ್ಚಿಸಿ, ದವಡೆಯನ್ನು ಸಾಧ್ಯವಾದಷ್ಟೂ ಮುಂದೆ ಚಾಚಿಸಿ, ಆ ಗರಿಷ್ಠ ದೂರದ ಅರ್ಧಕ್ಕಿಂತ ತುಸು ಹೆಚ್ಚಿನ ಜಾಗದಲ್ಲಿ ಕಚ್ಚುವಿಕೆಯನ್ನು ದಾಖಲಿಸಿದರು. ತಯಾರಾಗಿ ಬಂದ ಸಾಧನ ಎರಡು ಭಾಗದ್ದು: ಮೇಲಿನ ಹಲ್ಲಿಗೊಂದು, ಕೆಳಗಿನ ಹಲ್ಲಿಗೊಂದು ಗಟ್ಟಿ ಅಕ್ರಿಲಿಕ್ ಕವಚ, ಎರಡೂ ಬದಿಯಲ್ಲಿ ಸಣ್ಣ ಸ್ಕ್ರೂ. ಕೆಳದವಡೆ ಮುಂದೆ ಬಂದರೆ ಅದಕ್ಕೆ ಅಂಟಿಕೊಂಡ ನಾಲಗೆಯ ಬುಡವೂ ಮುಂದೆ ಬರುತ್ತದೆ, ಮೆದು ಅಂಗುಳದ ಬದಿಗಳೂ ಬಿಗಿಯಾಗುತ್ತವೆ, ಉಸಿರಿನ ದಾರಿ ಮುಖ್ಯವಾಗಿ ಅಡ್ಡಕ್ಕೆ ಅಗಲವಾಗುತ್ತದೆ. ಫ್ರಾನ್ಸಿನ ಪಿಯೆರ್ ರೋಬಿನ್ ಎಂಬ ವೈದ್ಯರು ಚಿಕ್ಕ ದವಡೆಯೊಂದಿಗೆ ಹುಟ್ಟಿ ನಾಲಗೆ ಹಿಂದೆ ಬಿದ್ದು ಉಸಿರುಗಟ್ಟುವ ಶಿಶುಗಳ ಸ್ಥಿತಿಯನ್ನು 1923ರಲ್ಲಿ ವರ್ಣಿಸಿದ್ದರು. ದವಡೆಯನ್ನು ಮುಂದೆ ಹಿಡಿಯುವ ಸಾಧನವನ್ನೂ ಅವರು ಬಳಸಿದ್ದರು. ಹೀಗಾಗಿ ಈ ಆಲೋಚನೆಗೆ ನೂರು ವರ್ಷ ದಾಟಿದೆ ಎನ್ನಬಹುದು.

ಮೊದಲ ರಾತ್ರಿಗಳು ಸುಲಭವಾಗಿರಲಿಲ್ಲ. ದಿಂಬು ಜೊಲ್ಲಿನಿಂದ ಒದ್ದೆಯಾಗುತ್ತಿತ್ತು. ಬೆಳಿಗ್ಗೆ ಮುಂದಿನ ಹಲ್ಲುಗಳಲ್ಲಿ ಜುಮುಜುಮು ನೋವು, ದೋಸೆ ಜಗಿಯಲು ಹೋದರೆ ಹಿಂದಿನ ಹಲ್ಲುಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಇದಕ್ಕೆಂದೇ ಸಾಧನದ ಜೊತೆ ಒಂದು ಪುಟ್ಟ ಕಚ್ಚುಪಟ್ಟಿ ಕೊಟ್ಟಿದ್ದರು. ಎದ್ದ ಕೂಡಲೇ ಸಾಧನ ತೆಗೆದು, ಆ ಪಟ್ಟಿಯನ್ನು ಕಚ್ಚಿ ದವಡೆಯನ್ನು ನಿಧಾನವಾಗಿ ಹಳೆಯ ಜಾಗಕ್ಕೆ ತರುವ ಅಭ್ಯಾಸ ಮಾಡಬೇಕು; ಅದಾದ ಬಳಿಕವೇ ತಿಂಡಿ. ಸಾಧನವನ್ನು ಮೆದು ಬ್ರಷ್ಷಿನಿಂದ ತಣ್ಣೀರಿನಲ್ಲೇ ತೊಳೆಯಬೇಕು. ಬಿಸಿನೀರು ತಾಗಿದರೆ ಆಕಾರ ಕೆಡುತ್ತದೆ. ವೈದ್ಯೆ ಹೇಳಿದ ದಿನಗಳಂದು ಎರಡೂ ಬದಿಯ ಸ್ಕ್ರೂವನ್ನು ಸಮನಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸಿ ದವಡೆಯನ್ನು ಮುಂದೆ ತರುವ ಕೆಲಸ ನನ್ನ ಪಾಲಿಗೆ ಬಂತು, ಏಕೆಂದರೆ ಆ ಸೂಜಿಯಂಥ ಕೀಲಿ ಇವರ ಕಣ್ಣಿಗೆ ಕಾಣುತ್ತಿರಲಿಲ್ಲ. ದವಡೆಯ ಕೀಲಿನಲ್ಲಿ ನೋವು ಬಂದಾಗ ಒಮ್ಮೆ ತಿರುಗಿಸುವುದನ್ನು ನಿಲ್ಲಿಸಿ ಒಂದು ಹೆಜ್ಜೆ ಹಿಂದಕ್ಕೆ ಹೋಗಲು ಹೇಳಿದರು. ಬೇಗ ಮುಗಿಸುವ ಅವಸರ ಅವರಲ್ಲಿ ಕಾಣಲಿಲ್ಲ.

ಕೆಲವು ವಾರಗಳಲ್ಲಿ ಗೊರಕೆ ಬಹುತೇಕ ನಿಂತಿತು, ತಲೆನೋವೂ ಹೋಯಿತು. ನಾನು ಸಂತೋಷದಿಂದ ವಿಷಯ ತಿಳಿಸಿದಾಗ ವೈದ್ಯೆ, “ಗೊರಕೆ ನಿಂತರೆ ಸಾಲದು ಅಕ್ಕಾ, ಅಂಕಿ ಇಳಿಯಬೇಕು” ಎಂದರು. ಇಡೀ ಚಿಕಿತ್ಸೆಯಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸಿದ ಮಾತಿದು. ಸಾಧನ ಧರಿಸಿದವರಲ್ಲಿ ಸದ್ದು ಅಡಗಿದರೂ ಉಸಿರು ನಿಲ್ಲುವುದು ಮುಂದುವರಿಯಬಹುದು. ಆಗ ಮನೆಯವರೆಲ್ಲ ವಾಸಿಯಾಯಿತೆಂದು ನಿಶ್ಚಿಂತರಾಗಿರುತ್ತಾರೆ, ಕಾಯಿಲೆ ಮಾತ್ರ ಒಳಗೊಳಗೇ ಕೆಲಸ ಮಾಡುತ್ತಿರುತ್ತದೆ. ಎಲ್ಲರಿಗೂ ಒಂದೇ ಫಲ ಸಿಗುವುದಿಲ್ಲ. ಸರಿಸುಮಾರು ಮೂರರಲ್ಲೊಬ್ಬರಿಗೆ ಸಾಕಷ್ಟು ಪರಿಣಾಮ ಆಗುವುದಿಲ್ಲ, ಮತ್ತು ಯಾರಿಗೆ ಆಗುತ್ತದೆಂದು ಮೊದಲೇ ಖಾತ್ರಿಯಾಗಿ ಹೇಳುವ ವಿಧಾನವೂ ಇಲ್ಲ. ಆದ್ದರಿಂದ ಸಾಧನವನ್ನು ಬಾಯಲ್ಲಿಟ್ಟುಕೊಂಡೇ ಮತ್ತೊಮ್ಮೆ ನಿದ್ರೆಯ ಪರೀಕ್ಷೆ ಮಾಡಿಸುವುದು ಚಿಕಿತ್ಸೆಯ ಭಾಗವೇ ಹೊರತು ಹೆಚ್ಚುವರಿ ಖರ್ಚಲ್ಲ. ಇವರದು 22ರಿಂದ 6ಕ್ಕೆ ಇಳಿದಿತ್ತು. ರಕ್ತದೊತ್ತಡದ ಮಾತ್ರೆ ಎರಡೂ ಮುಂದುವರಿದಿವೆ. ಆದರೆ ಈಗ ಅಳತೆ ಹತೋಟಿಯಲ್ಲಿದೆ. ಮಧ್ಯಾಹ್ನದ ತೂಕಡಿಕೆ ಇಲ್ಲ, ಜೀಪು ಮತ್ತೆ ಅವರೇ ಓಡಿಸುತ್ತಾರೆ.

ದೀರ್ಘಕಾಲದ ಒಂದು ಅಡ್ಡಪರಿಣಾಮವನ್ನು ಸಾಧನ ಕೊಡುವ ಮೊದಲೇ ವಿವರಿಸಿ ಸಹಿ ಹಾಕಿಸಿಕೊಂಡರು. ವರ್ಷಗಳು ಕಳೆದಂತೆ ಮೇಲಿನ ಮುಂಭಾಗದ ಹಲ್ಲುಗಳು ತುಸು ಹಿಂದಕ್ಕೂ ಕೆಳಗಿನವು ತುಸು ಮುಂದಕ್ಕೂ ವಾಲಿ, ಕಚ್ಚುವಿಕೆ ಬದಲಾಗುವ ಸಂಭವವಿದೆ. ಇದನ್ನು ಗಮನಿಸಲು ವಕ್ರದಂತ ತಜ್ಞರೇ ಸರಿಯಾದವರು ಎಂದು ನನಗನಿಸುತ್ತದೆ. ಹಲ್ಲು ಎಷ್ಟು ಸರಿಯಿತೆಂದು ಅಳೆಯುವುದೇ ಅವರ ವೃತ್ತಿ. ಆರಂಭದ ಸ್ಕ್ಯಾನನ್ನು ಉಳಿಸಿಕೊಂಡು ಪ್ರತಿ ತಪಾಸಣೆಯಲ್ಲೂ ಹೊಸದನ್ನು ಅದರ ಪಕ್ಕದಲ್ಲಿಟ್ಟು ಪರದೆಯ ಮೇಲೆ ತೋರಿಸುತ್ತಾರೆ. ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಸಿಗುವ, ಬಿಸಿನೀರಿನಲ್ಲಿ ಅದ್ದಿ ಕಚ್ಚಿಕೊಳ್ಳುವ ಅಗ್ಗದ ಸಾಧನಗಳಿಗೆ ಈ ನಿಗಾ ಇಲ್ಲ. ಅವು ಹಲ್ಲಿಗೆ ಸರಿಯಾಗಿ ಹಿಡಿಯುವುದೂ ಇಲ್ಲ.

ನಾದಿನಿಯ ಮಗನ ವಿಷಯ ಬೇರೆ. ಅವನಿಗೆ ಒಂಬತ್ತು ವರ್ಷ. ಹಗಲೂ ಬಾಯಿ ತೆರೆದೇ ಉಸಿರಾಟ, ರಾತ್ರಿ ಗೊರಕೆ, ಆಗಾಗ ಹಾಸಿಗೆ ಒದ್ದೆ, ಶಾಲೆಯಲ್ಲಿ ಗಮನವಿಲ್ಲವೆಂದು ದೂರು. ವಯಸ್ಕರು ನಿದ್ರೆ ಕೆಟ್ಟರೆ ತೂಕಡಿಸುತ್ತಾರೆ, ಮಕ್ಕಳು ಚಡಪಡಿಸುತ್ತಾರೆ. ಶಿಕ್ಷಕರಿಗೂ ಹೆತ್ತವರಿಗೂ ಅದು ತುಂಟತನವಾಗಿಯೋ ಸೋಮಾರಿತನವಾಗಿಯೋ ಕಾಣುತ್ತದೆ. ಮಕ್ಕಳಲ್ಲಿ ಈ ಅಂಕಿ ಗಂಟೆಗೆ 1 ದಾಟಿದರೇ ಅಸಹಜ ಎಂಬುದನ್ನು ಹೆತ್ತವರು ತಿಳಿದಿರಬೇಕು. ಮೇಲಿನ ದವಡೆ ಇಕ್ಕಟ್ಟಾಗಿ, ಹಿಂದಿನ ಹಲ್ಲುಗಳು ಕೆಳಗಿನವುಗಳ ಒಳಗೆ ಕೂರುತ್ತಿದ್ದವು. ನಾದಿನಿ ಅಲ್ಲೇ ಚಿಕಿತ್ಸೆ ಶುರು ಮಾಡಲು ಕೇಳಿಕೊಂಡರೂ ವೈದ್ಯೆ ಒಪ್ಪದೆ ಮೊದಲು ಕಿವಿ-ಮೂಗು-ಗಂಟಲಿನ ತಜ್ಞರ ಬಳಿಗೆ ಕಳುಹಿಸಿದರು, ಏಕೆಂದರೆ ಮಕ್ಕಳಲ್ಲಿ ಸಾಮಾನ್ಯ ಕಾರಣ ಊದಿಕೊಂಡ ಟಾನ್ಸಿಲ್ ಮತ್ತು ಮೂಗಿನ ಹಿಂಭಾಗದಲ್ಲಿರುವ ಅಡೆನಾಯ್ಡ್. ಅವನ್ನು ತೆಗೆಸಿದ ಮೇಲೆ ತೊಂದರೆ ಬಹಳಷ್ಟು ತಗ್ಗಿತು. ಉಳಿದ ಭಾಗಕ್ಕೂ, ಅಡ್ಡ ಕಚ್ಚುವಿಕೆಗೂ ಸೇರಿ ಅಂಗುಳ ಅಗಲಿಸುವ ಸಾಧನ ಕೂಡಿಸಿದರು.

ಅಂಗುಳದ ಎರಡು ಎಲುಬುಗಳು ನಡುವೆ ಒಂದು ಹೊಲಿಗೆಯಂತೆ ಸೇರಿಕೊಂಡಿರುತ್ತವೆ, ಹದಿಹರೆಯ ಕಳೆಯುವಷ್ಟರಲ್ಲಿ ಅದು ಗಟ್ಟಿಯಾಗಿ ಬೆಸೆದುಕೊಳ್ಳುತ್ತದೆ. ಅದಕ್ಕೆ ಮೊದಲು ಹಿಂದಿನ ಹಲ್ಲುಗಳಿಗೆ ಅಂಟಿಸಿದ ಸ್ಕ್ರೂವನ್ನು ದಿನವೂ ಕೀಲಿಯಿಂದ ತಿರುಗಿಸಿದರೆ, ಪ್ರತಿ ತಿರುವಿಗೂ ಸ್ಕ್ರೂ ಸುಮಾರು ಕಾಲು ಮಿಲಿಮೀಟರಿನಷ್ಟು ತೆರೆದುಕೊಂಡು, ಕ್ರಮೇಣ ಎಲುಬೇ ಅಗಲವಾಗುತ್ತದೆ. ಅಂಗುಳವೇ ಮೂಗಿನ ನೆಲವೂ ಆಗಿರುವುದರಿಂದ ಮೂಗಿನ ದಾರಿಯೂ ಹಿಗ್ಗುತ್ತದೆ, ನಾಲಗೆಗೂ ಮೇಲೆ ಕೂರಲು ಜಾಗ ಸಿಗುತ್ತದೆ. ಒಂದು ಬೆಳಿಗ್ಗೆ ಹುಡುಗ ಕನ್ನಡಿಯ ಮುಂದಿನಿಂದ ಓಡಿಬಂದು, “ಅತ್ತೇ, ಹಲ್ಲು ಬೀಳ್ತದಾ?” ಎಂದು ಕಣ್ಣು ತುಂಬಿಕೊಂಡು ಕೇಳಿದ, ಮುಂದಿನ ಎರಡು ಹಲ್ಲುಗಳ ನಡುವೆ ಅಕ್ಕಿಕಾಳು ಹಿಡಿಯುವಷ್ಟು ಸಂದು ಬಿಟ್ಟಿತ್ತು. ಎಲುಬು ಸರಿಯಾಗಿ ಬೇರೆಯಾಗಿದೆ ಎಂಬುದಕ್ಕೆ ಅದೇ ಗುರುತು, ತಾನಾಗಿ ಮುಚ್ಚಿಕೊಳ್ಳುತ್ತದೆ ಎಂದು ವೈದ್ಯೆ ಮೊದಲೇ ಹೇಳಿದ್ದರು, ಹಾಗೆಯೇ ಆಯಿತು. ಹೊಸ ಎಲುಬು ತುಂಬಿಕೊಳ್ಳುವ ತನಕ, ಅಂದರೆ ಕೆಲವು ತಿಂಗಳು, ಸಾಧನವನ್ನು ತಿರುಗಿಸದೆ ಹಾಗೆಯೇ ಬಿಡುತ್ತಾರೆ.

ಮುಂದೆ ಅಪ್ನಿಯಾ ಬಾರದಿರಲಿ ಎಂದು ತೊಂದರೆಯಿಲ್ಲದ ಮಗುವಿಗೂ ಅಂಗುಳ ಅಗಲಿಸಬಹುದೇ ಎಂದು ನಾದಿನಿ ಕಿರಿಯವಳ ಬಗ್ಗೆ ವಿಚಾರಿಸಿದಾಗ ವೈದ್ಯೆ ಸ್ಪಷ್ಟವಾಗಿ ಬೇಡವೆಂದರು. ಅಮೆರಿಕದ ವಕ್ರದಂತ ತಜ್ಞರ ಸಂಘ 2019ರಲ್ಲಿ ಪ್ರಕಟಿಸಿದ ವರದಿಯ ನಿಲುವೂ ಇದೇ. ಕ್ಲಿಪ್ ಹಾಕುವಾಗ ಹಲ್ಲು ಕೀಳಿಸಿದರೆ ಅಪ್ನಿಯಾ ಬರುತ್ತದೆ ಎಂಬ ಭಯಕ್ಕೂ ಆಧಾರವಿಲ್ಲವೆಂದು ಅದೇ ವರದಿ ಹೇಳುತ್ತದೆ. ವಯಸ್ಕರು ಬರೀ ಹಲ್ಲು ನೇರ ಮಾಡಿಸಿಕೊಂಡರೆ ಉಸಿರುಗಟ್ಟುವುದು ನಿಲ್ಲುವುದಿಲ್ಲ. ಹಾಗೆಂದು ಜಾಹೀರಾತು ಕೊಡುವವರನ್ನು ನಂಬಬಾರದು. ವಯಸ್ಕರಲ್ಲಿ ಕ್ಲಿಪ್ಪಿಗೆ ನಿಜವಾದ ಪಾತ್ರ ಇರುವುದು ಎರಡೂ ದವಡೆಗಳನ್ನು ಶಸ್ತ್ರಚಿಕಿತ್ಸೆಯಿಂದ ಸುಮಾರು 10 ಮಿಲಿಮೀಟರಿನಷ್ಟು ಮುಂದೆ ತರುವ ಸಂದರ್ಭದಲ್ಲಿ. ಬೇರೆ ಯಾವುದೂ ಫಲಿಸದ ತೀವ್ರ ದರ್ಜೆಯವರಿಗೆ ಇದು ಬಹಳ ಪರಿಣಾಮಕಾರಿ, ಆದರೆ ದೊಡ್ಡ ಶಸ್ತ್ರಚಿಕಿತ್ಸೆ. ಹಲ್ಲುಗಳು ಹೊಸ ಜಾಗದಲ್ಲಿ ಸರಿಯಾಗಿ ಕೂಡುವಂತೆ ಅದರ ಮೊದಲೂ ನಂತರವೂ ಕ್ಲಿಪ್ಪಿನ ಕೆಲಸ ಇರುತ್ತದೆ. ಇನ್ನು ದೇಹದ ತೂಕ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ದೀರ್ಘ ಅಧ್ಯಯನದಲ್ಲಿ ತೂಕ ಶೇ. 10 ಇಳಿದರೆ ಅಂಕಿ ಸುಮಾರು ಶೇ. 26 ಇಳಿಯುವುದು ಕಂಡುಬಂದಿದೆ. ನಮ್ಮ ಮನೆಯವರಿಗೂ ರಾತ್ರಿಯ ಊಟ ಬೇಗ ಮುಗಿಸಲು, ಅಂಗಾತ ಮಲಗದೆ ಮಗ್ಗುಲಿಗೆ ಮಲಗಲು ಹೇಳಿದ್ದಾರೆ.

ಈಗ ದೂರುಗಳು. ಸಾಧನಕ್ಕೆ ಸುಮಾರು 30,000 ರೂಪಾಯಿ ಆಯಿತು. ನಿದ್ರೆಯ ಪರೀಕ್ಷೆಗಳ ಖರ್ಚು ಬೇರೆ. ಮೊತ್ತಕ್ಕಿಂತ ಬೇಸರವಾದದ್ದು ಬಿಲ್ಲಿನ ರೀತಿ. ಸ್ಕ್ಯಾನಿಗೆ ಎಷ್ಟು, ಪ್ರಯೋಗಾಲಯಕ್ಕೆ ಎಷ್ಟು, ಮುಂದಿನ ತಪಾಸಣೆಗಳು ಇದರೊಳಗೆ ಸೇರಿವೆಯೇ ಎಂಬ ವಿವರವಿಲ್ಲದೆ ಒಂದೇ ಸಾಲಿನಲ್ಲಿ ಮೊತ್ತ ಬರೆದಿದ್ದರು. ಕೇಳಿದ ಮೇಲೆ ಬಾಯಿಮಾತಿನಲ್ಲಿ ವಿವರಿಸಿದರು. ಸಾಧನವನ್ನು ದೂರದ ಪ್ರಯೋಗಾಲಯದಲ್ಲಿ ಮಾಡಿಸುವುದರಿಂದ ಹೇಳಿದ ದಿನಕ್ಕೆ ಬರಲಿಲ್ಲ, ಬಂದಿಲ್ಲವೆಂದು ಮುಂಚಿತವಾಗಿ ಫೋನ್ ಮಾಡುವ ಸೌಜನ್ಯವನ್ನೂ ಸ್ವಾಗತದ ಮೇಜಿನವರು ತೋರಿಸಲಿಲ್ಲ. ಸಂಜೆಯ ಹೊತ್ತು ನಿಗದಿಯಾದ ಸಮಯಕ್ಕೆ ಹೋದರೂ ಬಹಳ ಕಾಯಬೇಕಾಗುತ್ತದೆ. ಪೆರ್ಲದ ಕಡೆಗೆ ಕೊನೆಯ ಬಸ್ಸು ಹಿಡಿಯುವವರು ಬೆಳಗಿನ ಸಮಯವನ್ನೇ ಕೇಳಿ ಪಡೆಯುವುದು ಒಳ್ಳೆಯದು.

ಎಲ್ಲಕ್ಕಿಂತ ಗಂಭೀರವಾದ ಕೊರತೆ ಸೂಚನಾಪತ್ರದ್ದು. ಸ್ಕ್ರೂ ಯಾವ ದಿಕ್ಕಿಗೆ ತಿರುಗಿಸಬೇಕು, ನೋವು ಬಂದರೆ ಏನು ಮಾಡಬೇಕು ಎಂಬ ಮುದ್ರಿತ ಹಾಳೆ ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಮಾತ್ರ ಇತ್ತು. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿದ, ಬೇರೆ ಲಿಪಿ ಓದಲು ಬಾರದ ಹಿರಿಯರು ಎಷ್ಟೋ ಮಂದಿ ಇದ್ದಾರೆ. ಈ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಅಂಥ ವಯಸ್ಸಿನವರಲ್ಲೇ. ಎಡಕ್ಕೆ ಒಂದು, ಬಲಕ್ಕೆ ಎರಡು ತಿರುವು ಆದರೆ ದವಡೆಯೇ ಸೊಟ್ಟಗೆ ಎಳೆಯಲ್ಪಡುವ ಸಾಧನಕ್ಕೆ ಸೂಚನೆ ಓದಲು ಬರುವ ಭಾಷೆಯಲ್ಲಿ ಇರಲೇಬೇಕು. ನಾನು ವೈದ್ಯೆಯ ಮುಂದೆ ಕೂತು ಅವರ ವಿವರಣೆಯನ್ನು ಕನ್ನಡದಲ್ಲಿ ಬರೆದುಕೊಂಡು, ನಕಲು ಹಾಳೆಯನ್ನು ಅವರಿಗೂ ಕೊಟ್ಟೆ. ಅದನ್ನು ಕನ್ನಡದ ರೋಗಿಗಳಿಗೆ ಪ್ರತಿ ಮಾಡಿಸಿ ಕೊಡುವುದಾಗಿ ಹೇಳಿದರು. ಹೋದ ತಪಾಸಣೆಯ ವೇಳೆ ಬಾಯಾರಿನ ಒಬ್ಬರ ಕೈಯಲ್ಲಿ ಆ ಹಾಳೆಯನ್ನು ಕಂಡೆ.

ಸೌಮ್ಯ ಅಥವಾ ಮಧ್ಯಮ ದರ್ಜೆಯವರು, ಸಿಪ್ಯಾಪ್ ಪ್ರಯತ್ನಿಸಿ ಸೋತವರು, ಹಲ್ಲು ವಸಡು ಗಟ್ಟಿಯಿರುವವರು ಇಂಥ ಚಿಕಿತ್ಸಾಲಯಕ್ಕೆ ಧೈರ್ಯವಾಗಿ ಹೋಗಬಹುದು. ಪರೀಕ್ಷೆಯ ವರದಿ ಇಲ್ಲದವರು ಮೊದಲು ಅದನ್ನು ಮಾಡಿಸಿಕೊಳ್ಳಬೇಕು, ಅಂಕಿ 30 ದಾಟಿದವರು ನಿದ್ರೆಯ ತಜ್ಞರ ಮಾತನ್ನೇ ಮುಂದಿಟ್ಟುಕೊಳ್ಳಬೇಕು. ಸಾಧನ ಕೆಲವು ವರ್ಷ ಬಾಳುತ್ತದೆ, ಆಮೇಲೆ ಅಕ್ರಿಲಿಕ್ ಸವೆದು ಬದಲಾಯಿಸಬೇಕಾಗುತ್ತದೆ. ಆಗಲೂ ನಾವು ಇದೇ ವೈದ್ಯೆಯ ಬಳಿಗೇ ಹೋಗುವವರು; ಬಿಲ್ಲಿನ ವಿವರವನ್ನು ಮಾತ್ರ ಅಳತೆ ಕೊಡುವ ಮೊದಲೇ ಬರಹದಲ್ಲಿ ಕೇಳಿ ಪಡೆಯುತ್ತೇವೆ.